ವಿಲಾಯತಿ ಜನರ ಮತ, ರಾಜ್ಯ, ಲೋಕಾಚಾರ: ಸಾಲೋಟಗಿಯ ಅಗಸಿಯಿಂದ ಒಂದು ಸಂಶೋಧನೆ

ಬ್ರಿಟಿಷರು 1884ರಲ್ಲಿ ಬಿಜಾಪುರದ ಗ್ಯಾಝೆಟಿಯರ್ ಅಚ್ಚು ಹಾಕಿಸಿ, ನಮ್ಮ ಜಾತಿಗಳನ್ನು ಒಂದೊಂದಾಗಿ ಹಿಡಿದು ರೂಪ, ಊಟ, ಉಡುಗೆ, ಗುಣದೋಷಗಳನ್ನು ಬರೆದಿಟ್ಟರು. ಈ ಋಣ ತೀರಿಸುವುದು ವಿದ್ವಾಂಸರ ಕರ್ತವ್ಯ. ಇಂಡಿ ತಾಲೂಕಿನ ಸಾಲೋಟಗಿಯ ಅಗಸಿಯಲ್ಲಿ ಕೂತು, ಇಂಗ್ಲೆಂಡಿಗೆ ಕಾಲಿಡದೆಯೇ ನಡೆಸಿದ್ದರಿಂದ ಈ ಅಧ್ಯಯನದ ನಿಷ್ಪಕ್ಷಪಾತ ನಿಸ್ಸಂಶಯ.

ಮತ: ರಾಣಿ ವಿಕ್ಟೋರಿಯಾ ಇಂಗ್ಲೆಂಡಿನ ಚರ್ಚಿಗೆ ಒಡತಿಯಾಗಿದ್ದರು. ಸ್ಕಾಟ್ಲೆಂಡಿಗೆ ಹೋದರೆ ಕ್ರೇಥಿಯಲ್ಲಿ ಬೇರೆ ಪಂಥದ ಪ್ರಾರ್ಥನೆಗೆ ಕೂರುತ್ತಿದ್ದರು. ಇಂಡಿಯವರು ಗಡಿ ದಾಟಿ ಸೊಲ್ಲಾಪುರಕ್ಕೆ ಹೋದರೆ ಬದಲಾಗುವುದು ಮಾತೊಂದೇ, ಅದೂ ಪೂರ್ತಿ ಅಲ್ಲ. 1858ರಲ್ಲಿ ರಾಣಿ ನಮ್ಮ ಧರ್ಮದ ಗೊಡವೆಗೆ ಹೋಗುವುದಿಲ್ಲವೆಂದು ಸಾರಿದರು. ಅವರ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಮಾತ್ರ ಬಿಷಪ್ಪರು ಕಾನೂನು ಮಾಡುತ್ತ ಕೂತಿದ್ದರು.

ರಾಜ್ಯ: ಬ್ರಾಡ್ಲಾ ಎಂಬ ನಾಸ್ತಿಕ 1880ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದ. ದೇವರಾಣೆ ಬೇಡ, ಬರೀ ಮಾತು ಕೊಡುತ್ತೇನೆ ಅಂದ, ಆಗದು ಅಂದರು. ಆಣೆಯನ್ನೇ ಮಾಡುತ್ತೇನೆ ಅಂದ. ಅದೂ ಆಗದು ಅಂದರು. ಜನ ಮತ್ತೆ ಮತ್ತೆ ಆರಿಸಿ ಕಳಿಸಿದರೂ ಅವನು ನೆಟ್ಟಗೆ ಕೂತದ್ದು 1886ರಲ್ಲಿ. ರಾಣಿ ಹೆಂಗಸು, ಆದರೆ ಆಗ ಹೆಂಗಸರಿಗೆ ಪಾರ್ಲಿಮೆಂಟಿನ ಮತವಿರಲಿಲ್ಲ. ಇದಕ್ಕೆ ಶಾಸ್ತ್ರಾಧಾರ ಸಿಗಲಿಲ್ಲ.

ವಿದ್ಯೆ: ಇವರ ಪಾರ್ಲಿಮೆಂಟು ಶಾಲೆಗೆಂದು ಮೊದಲು ದುಡ್ಡು ಬಿಚ್ಚಿದ್ದು 1833ರಲ್ಲಿ, 20,000 ಪೌಂಡು. ಸಾಲೋಟಗಿಯ ಶಾಸನ 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡಿನ ಹುಡುಗರು ಬರುತ್ತಿದ್ದರು. ಅವರು ಇರಲು 27 ಮನೆ, ಖರ್ಚಿಗೆ 500 ನಿವರ್ತನ ಭೂಮಿ, ರಾತ್ರಿಯ ದೀಪಕ್ಕೇ ಬೇರೆ 12. ಊರಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಅದರರ್ಧ. ಆಕ್ಸ್‌ಫರ್ಡಿನಲ್ಲಿ ಅನ್ಯಪಂಥದವರಿಗಿದ್ದ ಅಡ್ಡಿ 1871ರವರೆಗೂ ಪೂರಾ ತೊಲಗಿರಲಿಲ್ಲ ಎಂಬುದು ಆ ಜನರ ಸಂಕುಚಿತತೆಗೆ ಸಾಕ್ಷಿ. (ನಮ್ಮ 27 ಮನೆಗಳಲ್ಲಿ ಯಾವ ಜಾತಿಯ ಹುಡುಗರಿದ್ದರು? ಗ್ಯಾಝೆಟಿಯರ್ ಬರೆಯುವವನು ಸ್ವಂತ ಮನೆಯ ಪಟ್ಟಿ ಮಾಡುವ ಪದ್ಧತಿ ಇಲ್ಲ.)

ಲೋಕಾಚಾರ: 1877ರ ಜನವರಿ 1ರಂದು ದಿಲ್ಲಿಯ ದರ್ಬಾರಿನಲ್ಲಿ ವಿಕ್ಟೋರಿಯಾ ಹಿಂದೂಸ್ಥಾನದ ಸಾಮ್ರಾಜ್ಞಿಯೆಂದು ಸಾರಲಾಯಿತು. ಆಗ ನಮ್ಮ ಸೀಮೆಯಲ್ಲಿ ಘೋರ ಬರ. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಎಂಬ ಮಹನೀಯರು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ 1 ಪೌಂಡು ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದರು. ಇದನ್ನು ಮತದಲ್ಲಿ ಸೇರಿಸಬೇಕೋ ರಾಜ್ಯದಲ್ಲೋ ಎಂದು ಅಗಸಿಯಲ್ಲಿ ಎರಡು ದಿನ ವಾದವಾಯಿತು. ಇತ್ಯರ್ಥವಾಗದೆ, ಗ್ಯಾಝೆಟಿಯರ್‌ನ ಮರ್ಯಾದೆಯಂತೆ, ಹವಾಮಾನದ ಅಧ್ಯಾಯಕ್ಕೆ ಸೇರಿಸಲಾಗಿದೆ.