ಕಾಲ್ಚೆಂಡಿನ ಶುಲ್ಕಪುರಾಣ

ಗಾಂಧಿಬಜಾರಿನ ಹೋಟೆಲೊಂದರಲ್ಲಿ ಕಾಫಿಯನ್ನು ಆರಲು ಬಿಟ್ಟು, ಮೊಮ್ಮಗನ ಫುಟ್‌ಬಾಲ್ ಅಕಾಡೆಮಿಯ ರಸೀತಿಯನ್ನು ಜಾತಕದಂತೆ ಪರಾಮರ್ಶಿಸುತ್ತ ಕುಳಿತಿದ್ದ ರಾಯರನ್ನು ಕಂಡು ಶಾಸ್ತ್ರಿಗಳು ಕೇಳಿದರು:

“ಗ್ರಹಗತಿ ಹೇಗಿದೆ, ರಾಯರೆ?”

“ಪ್ರವೇಶಶುಲ್ಕ, ಮೈದಾನದ ಬಾಡಿಗೆ, ಸಮವಸ್ತ್ರ, ಬೂಟು, ನನ್ನ ಪಿಂಚಣಿಗೆ ಅಷ್ಟಮ ಶನಿ, ಸ್ವಾಮಿ.”

“1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಲ್ಲೇ ಆಡಿದರಲ್ಲವೆ? ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರೇ!”

“2-1ರಿಂದ ಸೋತೆವಲ್ಲ! ಬೂಟಿಲ್ಲದ್ದೇ ಕಾರಣವೆಂದು ಅಕಾಡೆಮಿಯ ತರಬೇತುದಾರರ ಸಿದ್ಧಾಂತ.”

“ಎರಡು ಪೆನಾಲ್ಟಿ ವ್ಯರ್ಥವಾದದ್ದು ಕಾರಣ!”

“ಪೆನಾಲ್ಟಿಗೆ ಪ್ರತ್ಯೇಕ ತರಗತಿ, ಪ್ರತ್ಯೇಕ ಶುಲ್ಕ.”

“ಹುಡುಗ ಹೇಗೆ ಆಡುತ್ತಾನೆ?”

“ಸಾಮಾನ್ಯ. ಬಲೆಯಾಚೆ ನಿಂತು, ಹೊರಬಿದ್ದ ಚೆಂಡನ್ನು ಬರಿಗಾಲಲ್ಲೇ ಕರಾರುವಾಕ್ಕಾಗಿ ಒಳಗೊದೆಯುವ ಹೂವಾಡಗಿತ್ತಿಯ ಮಗನೇ ಅದ್ಭುತನಂತೆ.”

“ಅವನನ್ನು ಸೇರಿಸಿಕೊಳ್ಳಲಿಲ್ಲವೆ?”

“ಅವನ ಬಳಿ ರಸೀತಿಯಿಲ್ಲ.”