ಹಳದಿ ಅಲರ್ಟಿಗೊಂದು ಮಂಕಿ ಕ್ಯಾಪ್

ಡಿಸೆಂಬರ್ ಹುಟ್ಟಿ ನಾಲ್ಕು ದಿನ ಆಗುವಷ್ಟರಲ್ಲಿ ಟೀವಿಯವರು ಬೆಂಗಳೂರನ್ನು ಊಟಿ ಮಾಡಿಬಿಡುತ್ತಾರೆ. ಪರದೆಯ ಕೆಳಗೆ ‘ಗಡಗಡ ನಡುಗಿದ ರಾಜಧಾನಿ’ ಅಂತ ಅಕ್ಷರ ಓಡುತ್ತಿರುತ್ತದೆ. ಮೇಲೆ ತೆಳ್ಳನೆಯ ಕಾಟನ್ ಕುರ್ತಾ ತೊಟ್ಟ ವರದಿಗಾರ್ತಿ ಪಾರ್ಕಿನಲ್ಲಿ ವಾಕಿಂಗ್ ಬಂದವರ ಬಾಯಿಗೆ ಮೈಕು ಹಿಡಿದಿರುತ್ತಾಳೆ. ಚಳಿ ಹೇಗಿದೆ ಸಾರ್? ಅಯ್ಯೋ, ವಿಪರೀತ ಮೇಡಂ, ನಮ್ಮ ಜನ್ಮದಲ್ಲೇ ಇಂಥ ಚಳಿ ಕಂಡಿಲ್ಲ! ಹೋದ ವರ್ಷವೂ ಇದೇ ಮಹಾನುಭಾವ ಇದೇ ಸ್ವೆಟರಿನಲ್ಲಿ ಇದೇ ಮಾತು ಹೇಳಿದ್ದ ಅಂತ ನನಗೆ ಬಲವಾದ ಗುಮಾನಿ. ಬೆಂಗಳೂರಿನ ಅಸಲಿ ದಾಖಲೆ ಚಳಿ 7.8 ಡಿಗ್ರಿ, ಅದು ಬಿದ್ದದ್ದು 1884ರ ಜನವರಿ 13ಕ್ಕೆ. ಪಾಪ, ಅವತ್ತು ನಡುಗಿದವರ ಮುಂದೆ ಮೈಕು ಹಿಡಿಯೋರೇ ಇರಲಿಲ್ಲ.

ಹವಾಮಾನ ಇಲಾಖೆಯವರು ನಮ್ಮ ತಿಳಿವಳಿಕೆಗೆಂದು ನಾಲ್ಕು ಬಣ್ಣ ಇಟ್ಟಿದ್ದಾರೆ. ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಗಮನವಿಟ್ಟಿರಿ, ಕಿತ್ತಳೆಯಾದರೆ ಸಿದ್ಧರಾಗಿ, ಕೆಂಪಾದರೆ ಕೂತಲ್ಲಿಂದ ಏಳಿ. ನಮ್ಮ ಜನ ಇದನ್ನು ಓದುವ ಬಗೆಯೇ ಬೇರೆ. ಎಸ್ಸೆಸ್ಸೆಲ್ಸಿ ರಿಸಲ್ಟಿನಲ್ಲಿ ಮಗನ ನಂಬರು ಹುಡುಕುವ ಹಾಗೆ ಜಿಲ್ಲೆಗಳ ಪಟ್ಟಿಯಲ್ಲಿ ತಮ್ಮೂರನ್ನು ಹುಡುಕುತ್ತಾರೆ. ಬೀದರ್ ಇದೆ, ಕಲಬುರಗಿ ಇದೆ, ವಿಜಯಪುರ ಇದೆ. ಬೆಂಗಳೂರು ಇಲ್ಲವಾ? ಅನ್ಯಾಯ! ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, ಉತ್ತರದವರಿಗೇ ಎಲ್ಲಾ ಕೊಡ್ತಾರೆ ಅಂತ ನಿಜವಾಗಿಯೂ ಬೇಜಾರು ಮಾಡಿಕೊಂಡರು.

ಮೂರನೇ ಮಹಡಿಯಲ್ಲಿ ವಿಜಯಪುರದ ಕಡೆಯ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಮಗನ ಮನೆಗೆ ಬಂದವರು, ಮೊಮ್ಮಗಳ ಮೋಹಕ್ಕೆ ಇಲ್ಲೇ ಉಳಿದಿದ್ದಾರೆ. ಬೆಳಗ್ಗೆ ಹಾಲು ತರಲು ಅರ್ಧ ತೋಳಿನ ಬನಿಯನ್ನಿನಲ್ಲಿ ಇಳಿದರೆ, ಎದುರಿಗೆ ನಾವು ಮಂಕಿ ಕ್ಯಾಪ್, ಮಫ್ಲರು, ಕಾಲುಚೀಲದ ಸರಂಜಾಮಿನಲ್ಲಿ ಹೊರಟಿರುತ್ತೇವೆ. “ಅಲ್ರೀ ಸರ, ಹದಿನಾಕ ಡಿಗ್ರಿಗೆ ಹಿಂಗ ನಡಗತೀರಿ? ನಮ್ಮ ಕಡೆ ಹದಿನಾಕಂದ್ರ ಮಂದಿ ಅಂಗಳದಾಗ ಮಲಗ್ತಾರ್ರೀ” ಅಂತಾರೆ. ಮಾಸ್ತರರ ಮಾತಿನಲ್ಲಿ ಒಗ್ಗರಣೆ ಸ್ವಲ್ಪ ಜಾಸ್ತಿ, ಆದರೆ ಅವರ ಸೀಮೆಯ ಥಂಡಿ ಸುಳ್ಳಲ್ಲ. ಮೋಡವಿಲ್ಲದ ಆಕಾಶ, ಉತ್ತರದಿಂದ ಬೀಸುವ ಒಣಗಾಳಿ, ಅಡ್ಡಿಗೆ ಗುಡ್ಡವಿಲ್ಲದ ಎರೆ ಬಯಲು. ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಬೆಳಗಾಗುವಾಗ ಕೊರೆಯುತ್ತಿರುತ್ತದೆ. ಹಾಗಂತ ಮಾಸ್ತರರು ಅದನ್ನು ಬೈಯಲು ಬಿಡುವುದಿಲ್ಲ. ಥಂಡಿ ಬೀಳದಿದ್ದರೆ ಹಿಂಗಾರಿ ಜೋಳ ಎಲ್ಲಿಂದ ಬಂತು, ಸೀತನಿ ಎಲ್ಲಿಂದ ಬಂತು ಅಂತ ನಮಗೇ ಪಾಠ ಶುರು.

ಇಷ್ಟಾಗಿ ಶೀತಗಾಳಿ ಅನ್ನಿಸಿಕೊಳ್ಳುವುದು ನಡುಗಿದಷ್ಟು ಸುಲಭವಲ್ಲ. ಇಲಾಖೆಯ ಲೆಕ್ಕದಲ್ಲಿ ಬಯಲು ಸೀಮೆಯ ಊರಾದರೆ ಕನಿಷ್ಠ ತಾಪಮಾನ ಮೊದಲು 10 ಡಿಗ್ರಿಗೋ ಅದಕ್ಕಿಂತ ಕೆಳಗೋ ಇಳಿಯಬೇಕು. ಇಳಿದರೆ ಸಾಲದು, ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಿರಬೇಕು. 4 ಡಿಗ್ರಿಗೇ ಇಳಿದುಬಿಟ್ಟರೆ ಮಾತ್ರ ವಾಡಿಕೆಯ ವಿಚಾರಣೆಯಿಲ್ಲ. ಗಿರಿಪ್ರದೇಶವಾದರೆ ಸೊನ್ನೆಗಿಳಿದು ಬನ್ನಿ ಅನ್ನುತ್ತಾರೆ. ಕರಾವಳಿಯವರಿಗೆ 15 ಡಿಗ್ರಿಯವರೆಗೆ ರಿಯಾಯಿತಿ. ಸೆಕೆಯಲ್ಲೇ ಹುಟ್ಟಿ ಬೆಳೆದವರಲ್ಲವೇ, ಇರಲಿ. ಅಂದರೆ ನಮ್ಮ ಬೆಂಗಳೂರಿನಲ್ಲಿ 12 ಡಿಗ್ರಿಯಲ್ಲಿ ಹಲ್ಲು ಕಟಕಟ ಅಂದರೆ ಅದು ಸರ್ಕಾರಿ ಚಳಿಯಲ್ಲ, ನಿಮ್ಮ ಖಾಸಗಿ ಚಳಿ.

ಈ ಲೆಕ್ಕವನ್ನು ಷಿಕಾಗೋದ ಭಾವಮೈದುನನಿಗೆ ಹೇಳಿ ಕೆಟ್ಟೆ. 2019ರ ಜನವರಿ 30ರಂದು ಅವನೂರಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದಿತ್ತಂತೆ. ಅಂಚೆ ಹಂಚುವುದನ್ನೇ ನಿಲ್ಲಿಸಿದರು, ಹಳಿ ಕೂಡುವ ಜಾಗದಲ್ಲಿ ಬೆಂಕಿ ಉರಿಸಿ ರೈಲು ಓಡಿಸಿದರು. “ನಿಮ್ಮ ಮಂಕಿ ಕ್ಯಾಪ್ ನೋಡಿದರೆ ನಗು ಬರುತ್ತೆ ಭಾವ” ಅಂದ. ಬರಲಿ. ಅವನ ಮನೆಯೊಳಗೆ ಹೀಟರು ಹಾಕಿಕೊಂಡು ಬನಿಯನ್ನಿನಲ್ಲಿ ಓಡಾಡುತ್ತಾನೆ. ನಮ್ಮ ಮೊಸಾಯಿಕ್ ನೆಲದ ಮೇಲೆ ಬೆಳಗ್ಗೆ ಐದಕ್ಕೆ ಬರಿಗಾಲಿಟ್ಟು ಆಮೇಲೆ ಮಾತಾಡಲಿ.

ಚಳಿಗಾಲದ ಸರ್ಕಾರಿ ಸಲಹೆಗಳನ್ನು ಯಾರಾದರೂ ಪೂರ್ತಿ ಓದಿದ್ದೀರೋ? ಒಂದೇ ದಪ್ಪ ಬಟ್ಟೆಗಿಂತ ಸಡಿಲವಾದ ಎರಡು ಮೂರು ಬಟ್ಟೆ ಒಂದರ ಮೇಲೊಂದು ತೊಡಿ ಅಂತಾರೆ. ಬೆರಳು ಬಿಡಿಬಿಡಿಯಾಗಿ ತೂರಿಸುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಗ್ಲೌಸು ಮೇಲು ಅಂತಾರೆ. ಇವೆಲ್ಲ ಸರಾಗವಾಗಿ ಫಾರ್ವರ್ಡ್ ಆಗುತ್ತವೆ. ಆದರೆ 2020ರ ಡಿಸೆಂಬರ್ ಕೊನೆಗೆ, ಸರಿಯಾಗಿ ಹೊಸ ವರ್ಷದ ಹೊಸ್ತಿಲಲ್ಲಿ, ಉತ್ತರ ಭಾರತದವರಿಗೆ ಇಲಾಖೆ ಇನ್ನೊಂದು ಮಾತು ಹೇಳಿತ್ತು: ಮದ್ಯ ಕುಡಿಯಬೇಡಿ, ಮೈ ಶಾಖ ಇಳಿಯುತ್ತದೆ. ಇದು ಮಾತ್ರ ನಮ್ಮ ಗ್ರೂಪಿನ ಗಂಡಸರ ಕೈಯಲ್ಲಿ ಮುಂದಕ್ಕೆ ಹೋಗಲೇ ಇಲ್ಲ. ಪೆಗ್ಗು ಇಳಿದಾಗ ಬೆಚ್ಚಗೆನ್ನಿಸುವುದು ಚರ್ಮದ ಕೆಳಗಿನ ರಕ್ತನಾಳ ಹಿಗ್ಗಿ ಒಳಗಿನ ಶಾಖ ಮೇಲಕ್ಕೆ ಬರುವುದರಿಂದ. ಬಂದ ಶಾಖ ಹಾಗೇ ಗಾಳಿಗೆ ಹೋಗುತ್ತದೆ, ಒಳಗೆ ಮೈ ತಣ್ಣಗಾಗುತ್ತದೆ. ಇದನ್ನು ವಿವರಿಸಿದ್ದಕ್ಕೆ ನನ್ನನ್ನು ಎರಡು ಪಾರ್ಟಿಗಳಿಗೆ ಕರೆಯಲಿಲ್ಲ.

ಮಂಜಿನ ವಿಷಯದಲ್ಲಂತೂ ನಮ್ಮ ನ್ಯಾಯಕ್ಕೆ ಎರಡು ನಾಲಗೆ. ಭಾನುವಾರ ನಸುಕಿನಲ್ಲಿ ಎದ್ದು, ಸಾಲುಗಟ್ಟಿ ನಿಂತು, ದುಡ್ಡು ಕೊಟ್ಟು ನಂದಿಬೆಟ್ಟ ಹತ್ತಿ “ಆಹಾ, ಏನು ಮಂಜು!” ಅನ್ನುತ್ತೇವೆ. ಸೋಮವಾರ ಅದೇ ಮಂಜು ಬೆಟ್ಟದಿಂದ ಅರ್ಧ ಮುಕ್ಕಾಲು ಗಂಟೆಯ ಹಾದಿಯಲ್ಲಿರುವ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೂತರೆ, ಏನ್ರೀ ಇದು ದರಿದ್ರ ಅನ್ನುತ್ತೇವೆ. ಅಲ್ಲಿಯೂ ದುಡ್ಡು ಕೊಟ್ಟಿದ್ದೇವೆ, ಏನೂ ಕಾಣಿಸುತ್ತಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಸೆಲ್ಫಿ ತೆಗೆಯಲು ಮನಸ್ಸಿಲ್ಲ. 1,000 ಮೀಟರಿನಾಚೆ ಕಾಣದಿದ್ದರೆ ಅದು ಕಾವಳ, 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ ಕಾವಳ. ವಿಮಾನಕ್ಕಾದರೋ ದಾರಿ ತೋರುವ ಯಂತ್ರವಿದೆ, ಹೇಳುವವರಿದ್ದಾರೆ, ತಡವಾದರೆ ಬೈಸಿಕೊಳ್ಳಲು ಕೌಂಟರಿನಲ್ಲೊಂದು ಹುಡುಗಿಯೂ ಇದ್ದಾಳೆ.

ಹೆದ್ದಾರಿಗೆ ಯಾರಿದ್ದಾರೆ? ಬಾಗಲಕೋಟೆ, ಬೆಳಗಾವಿ ಕಡೆ ಇದು ಕಬ್ಬು ಅರೆಯುವ ಕಾಲ. ನಸುಕಿನ ಕಾವಳದಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರು ಹೊರಟಿರುತ್ತದೆ. ಅದರ ಮೈತುಂಬ ಕಬ್ಬು, ರಸ್ತೆ ತುಂಬ ಅದು. ಹಾಡು ಅರ್ಧ ಮೈಲಿಯಿಂದ ಕೇಳಿಸುತ್ತದೆ, ಹಿಂದಿನ ದೀಪ ಮಾತ್ರ ಹತ್ತಡಿಗೆ ಬಂದರೂ ಕಾಣಿಸುವುದಿಲ್ಲ, ಏಕೆಂದರೆ ಇರುವುದಿಲ್ಲ. ಹಿಂದೆ ಬರುವವನು ಕಾವಳ ಸೀಳುತ್ತೇನೆಂದು ಹೈಬೀಮ್ ಹಾಕುತ್ತಾನೆ. ಆ ಬೆಳಕು ನೀರಹನಿಗಳಿಗೆ ಬಡಿದು ವಾಪಸು ಅವನ ಕಣ್ಣಿಗೇ ಕುಕ್ಕುತ್ತದೆ. ಡಿಪ್ ಮಾಡಿದ್ದರೆ ಎದುರಿನ ನಾಲ್ಕು ಮಾರಾದರೂ ಕಂಡೀತು. ಹಳೇ ಮೈಸೂರಿನ ಕಡೆಗೆ ಬಂದರೆ ಟಾರು ರಸ್ತೆಯೇ ಕಣ: ರಾಗಿ, ಹುರುಳಿ ಹಾಸಿ ನಮ್ಮ ಚಕ್ರದಲ್ಲೇ ಒಕ್ಕಣೆ. ಇಬ್ಬನಿಗೆ ನೆನೆದ ಹುಲ್ಲಿನ ಮೇಲೆ ಬೈಕು ಜಾರಿದರೆ ಸವಾರನೂ ಒಕ್ಕಣೆಗೆ ಸೇರಿದ. ಇವಕ್ಕೆಲ್ಲ ಬಣ್ಣವಿಲ್ಲ. ಪೊಲೀಸರು ಆಗಾಗ ಟ್ರೇಲರುಗಳ ಬೆನ್ನಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸುತ್ತಾರೆ. ನನ್ನನ್ನು ಕೇಳಿದರೆ ಇಡೀ ಚಳಿಗಾಲಕ್ಕೆ ಇದಕ್ಕಿಂತ ಒಳ್ಳೆಯ ರೆಡ್ ಅಲರ್ಟ್ ಇಲ್ಲ.

ಸಲಹೆಗಳ ಬಾಲದಲ್ಲಿ ಇನ್ನೊಂದು ಸಾಲಿರುತ್ತದೆ: ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ. ಅಷ್ಟು ಹೊತ್ತಿಗೆ ಓದುವವರು ಗುಡ್ ಮಾರ್ನಿಂಗ್ ಹೂವಿಗೆ ಹೋಗಿರುತ್ತಾರೆ. ನಮ್ಮ ನಾಡಿನಲ್ಲಿ ಚಳಿಗಿಂತ ಹೆಚ್ಚು ನಾನು ಹೆದರುವುದು ಚಳಿ ಓಡಿಸುವ ಉಪಾಯಗಳಿಗೆ. ಹೊಗೆ ಅಡಗಿತು, ಬರೀ ಕೆಂಡ ಉಳಿಯಿತು, ಇನ್ನೇನೂ ಭಯವಿಲ್ಲ ಅಂತ ಕಿಟಕಿ ಬಾಗಿಲು ಬಿಗಿ ಮಾಡಿ ಮಲಗುತ್ತಾರೆ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಮೊದಲು ತಲೆನೋವು, ಆಮೇಲೆ ಹಿತವಾದ ಮಂಪರು. ಏಳುವುದಿಲ್ಲ.

ನಮ್ಮ ವಾಚ್‌ಮನ್ನನ ರೂಮು ನೆಲಮಾಳಿಗೆಯಲ್ಲಿ, ಪಂಪಿನ ಪಕ್ಕ. ಗಾಜು ಒಡೆದ ಕಿಟಕಿಗೆ ರಟ್ಟು ಬಡಿದು, ಹಳೇ ಪೇಂಟ್ ಡಬ್ಬಿಯಲ್ಲಿ ಕೆಂಡ ಇಟ್ಟುಕೊಂಡಿದ್ದ. ಅವನಿಗೊಂದು ಹೀಟರ್ ಕೊಡಿಸುವ ವಿಷಯ ಕಮಿಟಿಗೆ ಬಂತು. ಕರೆಂಟು ಬಿಲ್ಲು ಯಾವ ಬಾಬ್ತಿಗೆ ಎಂಬ ಚರ್ಚೆ ಗಂಟೆಗಟ್ಟಲೆ ನಡೆದು, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗೇ ಹೋಗುತ್ತದಲ್ಲ ಎಂದು ಮುಂದಕ್ಕೆ ಬಿತ್ತು. ಸದ್ಯಕ್ಕೆ ಸುರಕ್ಷತಾ ಸೂಚನೆಯೊಂದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಲಿಫ್ಟಿನೊಳಗೆ ಅಂಟಿಸಲಾಯಿತು. ಅವನು ಲಿಫ್ಟು ಹತ್ತುವವನಲ್ಲ.

ಕೊನೆಗೆ ಮಾಸ್ತರರು ರಾತ್ರಿ ಇಳಿದು ಹೋಗಿ, “ಏ ತಮ್ಮಾ, ಇದನ್ನ ಹೊರಗ ಇಡು, ಕಂಬಳಿ ನಾ ಕೊಡ್ತೀನಿ” ಎಂದು ಊರಿಂದ ತಂದ ಕರೀ ಕಂಬಳಿ ಕೊಟ್ಟು, ಡಬ್ಬಿಯನ್ನು ತಾವೇ ಇಕ್ಕಳದಲ್ಲಿ ಎತ್ತಿ ಮೆಟ್ಟಿಲ ಬುಡದಲ್ಲಿಟ್ಟು ಬಂದರು. ಬೆಳಗ್ಗೆ ಗ್ರೂಪಿನಲ್ಲಿ ಫೋಟೋ ಸಮೇತ ದೂರು: ಗ್ರಾನೈಟಿನ ಮೇಲೆ ಕಪ್ಪು ಕಲೆಯಾಗಿದೆ, ಪಾಲಿಶ್ ಖರ್ಚು ಯಾರು ಕೊಡ್ತಾರೆ?