ಶೂನ್ಯಕರ್ತೃ ಮೀಮಾಂಸೆ: ಕಚೇರಿ ಕನ್ನಡದ ವ್ಯಾಕರಣಕ್ಕೊಂದು ಪೀಠಿಕೆ

ಓದಲಾಗಿದೆ: ಸರ್ಕಾರಿ ಆದೇಶಗಳು, ಸುತ್ತೋಲೆಗಳು, ಜ್ಞಾಪನಗಳು, ಕ್ರಯಪತ್ರಗಳು, ಬ್ಯಾಂಕಿನ ನೋಟಿಸುಗಳು ಮತ್ತು ಮಿಕ್ಸಿಯ ಡಬ್ಬದೊಳಗೆ ಎಂಟು ಮಡಿಕೆಯಾಗಿ ಮಲಗಿದ್ದ ಒಂದು ಚೀಟಿ.

ಓದಿದವರು ಯಾರು ಎಂದು ಕೇಳುವುದು ಅಶಾಸ್ತ್ರೀಯ. ಕರ್ನಾಟಕ ಸರ್ಕಾರದ ಆದೇಶಗಳ ನೆತ್ತಿಯ ಮೇಲೆ ‘ಓದಲಾಗಿದೆ’ ಎಂಬ ಒಂಟಿ ಪದ ನಿಂತಿರುತ್ತದೆ, ಅದರ ಕೆಳಗೆ ಹಳೆಯ ಪತ್ರಗಳ ಸಂಖ್ಯೆ ಮತ್ತು ದಿನಾಂಕ. ಓದಿದವರ ಹೆಸರಿಲ್ಲ, ಪೂರ್ತಿ ಓದಿದರೋ ಅರ್ಧಕ್ಕೆ ಕಾಫಿಗೆ ಎದ್ದರೋ ಎಂಬ ವಿವರವೂ ಇಲ್ಲ. ಓದು ಮಾತ್ರ ನಡೆದುಹೋಗಿದೆ, ಮಳೆ ಬಂದು ಹೋದಂತೆ. ಪ್ರಸ್ತುತ ಪ್ರಬಂಧದ ಸಿದ್ಧಾಂತ ಹುಟ್ಟಿದ್ದು ಈ ಒಂದು ಪದದಿಂದ.

ಇದು ಎಂಥ ಸಾಧನೆ ಎಂದು ತಿಳಿಯಬೇಕಾದರೆ ಕನ್ನಡದ ಜಾಯಮಾನ ಗೊತ್ತಿರಬೇಕು. ಕನ್ನಡದ ಕ್ರಿಯಾಪದದ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ‘ಮಾಡಿದಳು’ ಎಂದರೆ ಅವಳು, ‘ಮಾಡಿದೆನು’ ಎಂದರೆ ನಾನು, ‘ಮಾಡಿದಿರಿ’ ಎಂದರೆ ಸಾಕ್ಷಾತ್ ತಾವೇ. ಕರ್ತೃಪದವನ್ನು ಬಾಯಿ ಬಿಟ್ಟು ಹೇಳದಿದ್ದರೂ ಬಾಲ ಹೊರಗೆ ಕಾಣುತ್ತದೆ. ಅಡುಗೆಮನೆಯಲ್ಲಿ ಕಡುಬು ಕಾಣೆಯಾದಾಗ ‘ತಿಂದಳು’ ಎಂಬ ಮೂರಕ್ಷರ ಸಾಕು, ಅರ್ಧ ಮನೆ ನಿರ್ದೋಷಿಯಾಗುತ್ತದೆ. ಇಂಥ ಚಾಡಿಕೋರ ಭಾಷೆಯಲ್ಲಿ ಮಾಡಿದವರೇ ಇಲ್ಲದಂತೆ ಕೆಲಸ ಮಾಡಿ ಮುಗಿಸುವುದು ಸಾಮಾನ್ಯರಿಗೆ ಆಗುವ ಮಾತಲ್ಲ.

ಶಾಲೆಯ ವ್ಯಾಕರಣ ಇದಕ್ಕೆ ಕರ್ಮಣಿ ಪ್ರಯೋಗವನ್ನು ಸೂಚಿಸುತ್ತದೆ: ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು.’ ಪಠ್ಯಪುಸ್ತಕದಾಚೆ ಯಾರೂ ಹೀಗೆ ಮಾತಾಡಿದ್ದನ್ನು ಕೇಳಿದವರಿಲ್ಲ. ಅದಿರಲಿ, ಕಚೇರಿಯ ದೃಷ್ಟಿಯಲ್ಲಿ ಇದರ ದೋಷ ಬೇರೆ. ಇಲ್ಲಿ ರಾಮ ‘ಇಂದ’ ಪ್ರತ್ಯಯದ ಹಿಂದೆ ಅಡಗಿದ್ದಾನೆ, ಅಷ್ಟೆ. ತನಿಖೆ ನಡೆದರೆ ಸಿಕ್ಕಿಬೀಳುತ್ತಾನೆ. ಆದ್ದರಿಂದ ಕಚೇರಿ ಇನ್ನೊಂದು ದಾರಿ ಹಿಡಿಯಿತು: ‘ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ಈ ವಾಕ್ಯವನ್ನು ಭಾಷಾವಿಜ್ಞಾನದ ಕಣ್ಣಿನಿಂದ ನಿಧಾನವಾಗಿ ನೋಡಬೇಕು. ಕೊಲ್ಲಲ್ಪಟ್ಟ ರಾವಣ ಕರ್ಮವಾಗಿದ್ದವನು, ಪ್ರಥಮಾ ವಿಭಕ್ತಿಗೆ ಬಡ್ತಿ ಪಡೆದು ಕರ್ತೃವಿನ ಕುರ್ಚಿಯಲ್ಲಿ ಕುಳಿತ. ಕ್ರಿಯಾಪದವೂ ಅವನನ್ನು ನೋಡಿಕೊಂಡೇ ‘ಪಟ್ಟನು’ ಎಂದಿತು. ತಿರಸ್ಕೃತವಾದ ಅರ್ಜಿಗೆ ಆ ಭಾಗ್ಯ ಇಲ್ಲ. ಅದರ ಬೆನ್ನಿಗೆ ‘ಅನ್ನು’ ಹಾಗೇ ಅಂಟಿಕೊಂಡಿದೆ. ಅದು ಇನ್ನೂ ಕರ್ಮವೇ. ಇತ್ತ ಕರ್ತೃವಿನ ಕುರ್ಚಿ ಖಾಲಿ, ಫ್ಯಾನು ಮಾತ್ರ ತಿರುಗುತ್ತಿದೆ. ಹೊಂದಿಕೊಳ್ಳಲು ಯಾರೂ ಸಿಗದ ಕ್ರಿಯಾಪದ ನಪುಂಸಕಲಿಂಗದ ಏಕವಚನದಲ್ಲಿ ‘ಇದೆ’ ಎಂದು ನಿಂತುಬಿಡುತ್ತದೆ. ಇದನ್ನೇ ಇಲ್ಲಿ ಶೂನ್ಯಕರ್ತೃ ಎಂದು ಕರೆಯಲಾಗಿದೆ. ಶೂನ್ಯಸಿಂಹಾಸನ ಏರಲು ಅಲ್ಲಮಪ್ರಭುವಿನಂಥವನು ಬೇಕಾಗಿತ್ತು. ಶೂನ್ಯಕುರ್ಚಿಗೆ ಯಾರೂ ಬೇಕಾಗಿಲ್ಲ.

ಕೇಶಿರಾಜ ತನ್ನ ಶಬ್ದಮಣಿದರ್ಪಣವನ್ನು ಬರೆದದ್ದು 13ನೆಯ ಶತಮಾನದಲ್ಲಿ, ಭಟ್ಟಾಕಳಂಕ ಶಬ್ದಾನುಶಾಸನವನ್ನು ಮುಗಿಸಿದ್ದು 1604ರಲ್ಲಿ. ಇಬ್ಬರೂ ಶೂನ್ಯಕರ್ತೃವಿಗೆ ಒಂದು ಅಧ್ಯಾಯ ಮೀಸಲಿಡಲಿಲ್ಲ. ಅದು ಅವರ ತಪ್ಪಲ್ಲ. ಅವರ ಕಾಲಕ್ಕೆ ಸುತ್ತೋಲೆ ಬಂದಿರಲಿಲ್ಲ.

ಪೂರ್ವಕಾಲದ ಕಚೇರಿಗಳು ಈ ವಿದ್ಯೆಯಲ್ಲಿ ಎಷ್ಟು ಹಿಂದುಳಿದಿದ್ದವು ಎಂಬುದಕ್ಕೆ ಹಲ್ಮಿಡಿ ಶಾಸನವೇ ಸಾಕ್ಷಿ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಈ ಕಲ್ಲನ್ನು ಸುಮಾರು 450ರದ್ದೆಂದು ಎಣಿಸುವುದು ರೂಢಿ. ಕನ್ನಡದ ಮೊದಲ ಶಾಸನವೆಂದು ಸಾಹಿತ್ಯದವರು ಅದಕ್ಕೆ ಕೈಮುಗಿಯುತ್ತಾರೆ. ವಾಸ್ತವದಲ್ಲಿ ಅದೊಂದು ಕಚೇರಿ ಪತ್ರ, ಭೂದಾನದ ಆದೇಶ. ಹದಿನಾರು ಸಾಲುಗಳಲ್ಲಿ ಯಾರ ಆಳ್ವಿಕೆ, ಯಾವ ಶೌರ್ಯಕ್ಕಾಗಿ, ಯಾರಿಗೆ, ಯಾವ ಊರು ಎಲ್ಲವೂ ಬಯಲು. ಪಡೆದವನು ವಿಜ ಅರಸ. ಕೊಟ್ಟದ್ದು ಹಲ್ಮಿಡಿ ಮತ್ತು ಮೂಳಿವಳ್ಳಿ. ಕತ್ತಿ ತೊಳೆದ ಗೌರವಕ್ಕೆ ಕೊಟ್ಟದ್ದರಿಂದ ಹೆಸರು ಬಾಳ್ಗಳ್ಚು. ಇದನ್ನು ಕದ್ದವನಿಗೆ ಮಹಾಪಾತಕ ಎಂಬ ಎಚ್ಚರಿಕೆಯೂ ಇದೆ. ಇಂದಿನ ಯಾವುದೇ ಶಾಖೆಯಲ್ಲಿ ಈ ಕರಡು ಒಪ್ಪಿಗೆ ಪಡೆಯುವುದು ಕಷ್ಟ. ‘ಉಲ್ಲೇಖ’ ಇಲ್ಲ, ‘ನಿಯಮಾನುಸಾರ’ ಇಲ್ಲ, ಮೇಲಾಗಿ ಎಲ್ಲರ ಹೆಸರನ್ನೂ ಕಲ್ಲಿನಲ್ಲಿ ಕೊರೆದುಬಿಟ್ಟಿದ್ದಾರೆ.

ಈಗಿನ ಆದೇಶದಲ್ಲಿ ಒಬ್ಬ ಮನುಷ್ಯ ಬಂದೇ ಬರುತ್ತಾನೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಿರುತ್ತದೆ. ರಾಜ್ಯದ ಕಾರ್ಯಾಂಗ ಕ್ರಮಗಳೆಲ್ಲ ರಾಜ್ಯಪಾಲರ ಹೆಸರಿನಲ್ಲೇ ಹೊರಡಬೇಕೆಂದು ಸಂವಿಧಾನದ 166ನೆಯ ವಿಧಿ ಹೇಳುತ್ತದೆ. ಹೀಗಾಗಿ ಮಾಡಿದವರ ಹೆಸರು ಇರುವುದಿಲ್ಲ, ಹೆಸರಿರುವವರು ಮಾಡಿರುವುದಿಲ್ಲ. ಪ್ರತಿಯಲ್ಲಿ ಸಹಿಯ ಜಾಗಕ್ಕೆ ‘ಸಹಿ/-’ ಎಂದು ಅಚ್ಚಾಗಿರುತ್ತದೆ. ಸಹಿ ಇಲ್ಲದಿರುವುದನ್ನು ‘ಸಹಿ’ ಎಂಬ ಪದದಿಂದಲೇ ಸೂಚಿಸುವ ಈ ಚಿಹ್ನೆಯ ಬಗ್ಗೆ ಪ್ರತ್ಯೇಕ ಮಹಾಪ್ರಬಂಧ ಬರಬೇಕಾಗಿದೆ.

ಪ್ರತ್ಯಯಗಳ ವಿಷಯದಲ್ಲೂ ಕಚೇರಿಯ ಕೊಡುಗೆ ಸಣ್ಣದಲ್ಲ. ಪ್ರಕೃತಿ ಇಲ್ಲದೆ ಪ್ರತ್ಯಯ ನಿಲ್ಲದು ಎಂದು ವೈಯಾಕರಣರು ನಂಬಿಕೊಂಡಿದ್ದರು. ಕನ್ನಡದ ಪತ್ರಗಳಲ್ಲಿ ಎಡಮೂಲೆಯ ಒಂದು ಇಡೀ ಸಾಲನ್ನು ಆಕ್ರಮಿಸಿಕೊಂಡು ‘ಗೆ,’ ಎಂಬ ಚತುರ್ಥಿ ವಿಭಕ್ತಿ ಒಂಟಿಯಾಗಿ ನಿಂತಿರುತ್ತದೆ. ಅದರ ಮೇಲೆ ‘ಇಂದ,’ ಎಂಬ ತೃತೀಯೆ. ರಜೆ ಕೇಳುವ ಐದನೆಯ ಕ್ಲಾಸಿನ ಹುಡುಗ ನಾಮಪದಕ್ಕಿಂತ ಮೊದಲು ಪ್ರತ್ಯಯ ಬರೆಯಲು ಕಲಿಯುತ್ತಾನೆ, ಹೊಟ್ಟೆನೋವು ಆಮೇಲೆ ಬರುತ್ತದೆ.

ಇನ್ನೂ ಸೊಗಸಾದದ್ದು ‘ರವರು’. ರಾಜರು ಮತ್ತು ಅವರು ಸೇರಿದರೆ ಲೋಪಸಂಧಿಯಾಗಿ ‘ರಾಜರವರು’. ಇಲ್ಲಿನ ರಕಾರ ರಾಜರ ಆಸ್ತಿ, ಅವರ ಬಹುವಚನದ ಬಾಲ. ಕಚೇರಿ ಅದನ್ನು ಎಳೆದು ‘ಅವರು’ ಪದಕ್ಕೆ ಖಾತೆ ಮಾಡಿಕೊಟ್ಟಿತು. ಈಗ ‘ತಹಶೀಲ್ದಾರ್ ರವರು’, ‘ಅಧ್ಯಕ್ಷ ರವರು’, ‘ಸುಶೀಲ ರವರು’. ಪದದ ಗಡಿಕಲ್ಲು ಕಿತ್ತು ಪಕ್ಕದ ಹೊಲದಲ್ಲಿ ನೆಡುವ ಈ ಪ್ರಕ್ರಿಯೆ ಭಾಷಾವಿಜ್ಞಾನಕ್ಕೆ ಹೊಸದೇನಲ್ಲ. ನಮ್ಮ ‘ನಾರಂಗ’ ಯುರೋಪಿಗೆ ಪ್ರಯಾಣ ಮಾಡುವಾಗ ಅದರ ನಕಾರವನ್ನು ಮುಂದಿದ್ದ ‘ಉನ್’ ಎಂಬ ಪದವೇ ನುಂಗಿ, ಕೊನೆಗೆ ಆರೆಂಜ್ ಆಗಿ ವಾಪಸು ಬಂತು. ಅಲ್ಲಿ ಒಂದು ಅಕ್ಷರ ಕಳೆಯಿತು, ಇಲ್ಲಿ ಒಂದು ಬಂತು. ಲೆಕ್ಕ ಚುಕ್ತಾ.

ಪದಸಂಪತ್ತಿಗೆ ಬಂದರೆ ‘ಸದರಿ’ಯನ್ನು ಮೊದಲು ನೆನೆಯಬೇಕು. ಅರಬ್ಬಿಯಲ್ಲಿ ಎದೆ, ಮುಂಭಾಗ ಎಂಬ ಅರ್ಥದ ‘ಸದರ್’ ಪಾರಸಿ ದರ್ಬಾರುಗಳನ್ನು ಹಾದು ನಮ್ಮ ಕಡತಗಳಿಗೆ ಇಳಿದು ‘ಮೇಲೆ ಹೇಳಿದ’ ಎಂಬ ಅರ್ಥದಲ್ಲಿ ನೆಲೆಸಿತು. ‘ಆ’ ಎಂಬ ಒಂದಕ್ಷರ ಮಾಡುವ ಕೆಲಸವನ್ನೇ ಮಾಡುತ್ತದೆ. ಆದರೆ ‘ಆ’ ಎಂಬುದಕ್ಕೆ ಮೊಹರು ಇಲ್ಲ. ‘ವಿಲೇವಾರಿ’ ಇನ್ನೊಂದು ರತ್ನ. ನಗರಪಾಲಿಕೆ ಕಸವನ್ನು ವಿಲೇವಾರಿ ಮಾಡುತ್ತದೆ, ಕಚೇರಿ ಅರ್ಜಿಯನ್ನು. ಪದ ಒಂದೇ ಆಗಿರುವುದು ಕಾಕತಾಳೀಯ ಎಂದು ನಂಬಲು ಈ ಪ್ರಬಂಧ ಸಿದ್ಧವಿದೆ, ಅರ್ಜಿದಾರರು ಸಿದ್ಧರಿಲ್ಲ.

ಆದರೂ ಪಟ್ಟಾಭಿಷೇಕ ಆಗಬೇಕಾದದ್ದು ‘ಅವಗಾಹನೆ’ಗೆ. ‘ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಎಂದು ದಿನವೂ ಕೆಳಗಿನವರು ಮೇಲಿನವರಿಗೆ ಬರೆಯುತ್ತಾರೆ. ಸಂಸ್ಕೃತದಲ್ಲಿ ಅವಗಾಹನ ಎಂದರೆ ಮುಳುಗುವುದು, ನೀರಿಗಿಳಿದು ಸ್ನಾನ ಮಾಡುವುದು. ಹಾಗಾದರೆ ಒಂದು ದಿನಕ್ಕೆ ಒಬ್ಬ ಮೇಲಧಿಕಾರಿಗೆ ಎಷ್ಟು ಸ್ನಾನ ಆಗುತ್ತದೆ ಎಂಬುದನ್ನು ಟಪಾಲು ಎಣಿಸಿ ಹೇಳಬಹುದು.

ಈಗ ಪ್ರಯೋಗಾಲಯಕ್ಕೆ. ಬರಹ ಎಷ್ಟು ಸುಲಭ ಎಂದು ಅಳೆಯಲು ರುಡಾಲ್ಫ್ ಫ್ಲೆಶ್ 1948ರಲ್ಲಿ ಇಂಗ್ಲಿಷಿಗಾಗಿ ಒಂದು ಸೂತ್ರ ಕೊಟ್ಟ. 206.835ರಿಂದ, ವಾಕ್ಯಕ್ಕೆಷ್ಟು ಪದವೋ ಅದನ್ನು 1.015ರಿಂದ ಗುಣಿಸಿ ಕಳೆಯಬೇಕು. ಪದಕ್ಕೆಷ್ಟು ಉಚ್ಚಾರಾಂಶವೋ ಅದನ್ನು 84.6ರಿಂದ ಗುಣಿಸಿ ಮತ್ತೆ ಕಳೆಯಬೇಕು. ನೂರರ ಹತ್ತಿರ ಬಂದರೆ ಮಕ್ಕಳಿಗೂ ಸುಲಭ, ಮೂವತ್ತಕ್ಕಿಂತ ಕೆಳಗಿದ್ದರೆ ಪಂಡಿತರಿಗೆ. ಮಾದರಿಗೆ ತೆಗೆದುಕೊಂಡ ಕಚೇರಿ ವಾಕ್ಯ ಇದು: ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿರುವುದರಿಂದ ಅರ್ಜಿಯನ್ನು ಪರಿಶೀಲಿಸಲಾಗುತ್ತಿದೆ.’ ಪದ 5, ಉಚ್ಚಾರಾಂಶ 28. ಲೆಕ್ಕ ಹಾಕಿದರೆ ಬರುವ ಅಂಕ ಸೊನ್ನೆಗಿಂತ 272 ಕೆಳಗೆ. ಭೌತವಿಜ್ಞಾನದಲ್ಲಿ ಮೈನಸ್ 273.15 ಡಿಗ್ರಿ ಸೆಲ್ಸಿಯಸ್ಸಿಗೆ ಪರಮಶೂನ್ಯ ಎಂದು ಹೆಸರು. ಅದಕ್ಕಿಂತ ತಣ್ಣಗಾಗಲು ಯಾವ ವಸ್ತುವಿಗೂ ಸಾಧ್ಯವಿಲ್ಲ. ಕಚೇರಿ ವಾಕ್ಯ ಅದರಿಂದ ಒಂದೇ ಡಿಗ್ರಿ ದೂರದಲ್ಲಿದೆ. ಅಲ್ಲಿ ಅಣುಗಳಿಗೂ ಅಲುಗಾಡುವುದು ಕಷ್ಟ, ಕಡತದ ಪಾಡೇನು!

ಶೂನ್ಯಕರ್ತೃ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ದುರದೃಷ್ಟಕ್ಕೆ ಅದೇ ಸೂತ್ರಕ್ಕೆ ‘ಅಮ್ಮ ಊಟ ಬಡಿಸಿದಳು’ ಎಂಬ ವಾಕ್ಯವನ್ನೂ ಒಡ್ಡಲಾಯಿತು. ಪದ 3, ಉಚ್ಚಾರಾಂಶ 9. ಅಂಕ ಮೈನಸ್ 50. ಫ್ಲೆಶ್ ಪ್ರಕಾರ ಕನ್ನಡದ ಮಗುವಿಗೆ ಊಟದ ಸುದ್ದಿಯೇ ಪಂಡಿತರಿಗೂ ನಿಲುಕದ ವಿಷಯ. ಬಿಡಿಬಿಡಿ ಪದಗಳ ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಪ್ರತ್ಯಯದ ಮೇಲೆ ಪ್ರತ್ಯಯ ಹೇರಿಕೊಂಡು ನಡೆಯುವ ಭಾಷೆಗೆ ತೊಡಿಸಿದರೆ ಗುಂಡಿ ಕಿತ್ತುಬರುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯಬೇಡಿ ಎಂದು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬರೆದರು. ಇಂಗ್ಲಿಷಿನ ಅಳತೆಪಟ್ಟಿಗೂ ಅದೇ ಮಾತು ಸಲ್ಲುತ್ತದೆ. ಹೀಗೆ ಪ್ರಬಂಧದ ಅತ್ಯುತ್ತಮ ಅಂಕಿ ಬಿದ್ದುಹೋಯಿತು. ಪರಮಶೂನ್ಯದ ಹೋಲಿಕೆ ಚೆನ್ನಾಗಿದ್ದುದರಿಂದ ಉಳಿಸಿಕೊಳ್ಳಲಾಗಿದೆ.

ಇಷ್ಟರ ಮೇಲೂ ಒಂದು ತೊಡಕು ಉಳಿಯುತ್ತದೆ. ಕಚೇರಿ ಕನ್ನಡ ಬರೆಯುವವರು ಬೇರೆ ಲೋಕದಿಂದ ಬಂದವರಲ್ಲ. ತಾಲ್ಲೂಕು ಕಚೇರಿಯೊಂದರ ಕಿಟಕಿ ಎಂದುಕೊಳ್ಳಿ. ಹೊರಗೆ ಟವೆಲು ಹೆಗಲಿಗೆ ಹಾಕಿದ ರೈತ, ಒಳಗೆ ಗುಮಾಸ್ತ.

“ಯಜಮಾನ್ರೆ, ಪಹಣಿ ಇಟ್ಟಿಲ್ವಲ್ಲ. ತಗೊಂಡ್ಬನ್ನಿ, ಮಾಡ್ಕೊಡ್ತೀನಿ.”

“ಆಯ್ತು ಸ್ವಾಮಿ, ನಾಳೆ ತತ್ತೀನಿ.”

ಮುಗಿಯಿತು. ಏನು ಕೊರತೆ, ಯಾರು ತರಬೇಕು, ತಂದರೆ ಯಾರು ಮಾಡಿಕೊಡುತ್ತಾರೆ, ಎಲ್ಲ ಇದೆ. ‘ಮಾಡ್ಕೊಡ್ತೀನಿ’ಯ ಬಾಲದಲ್ಲಿ ಗುಮಾಸ್ತ ಮೈಯೆಲ್ಲ ಕಾಣುವಂತೆ ನಿಂತಿದ್ದಾನೆ. ಅದೇ ವ್ಯಕ್ತಿ ಅದೇ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಬರೆಯುವುದು ಹೀಗೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲೆಗಳನ್ನು ಲಗತ್ತಿಸದಿರುವುದು ಕಂಡುಬಂದಿರುವುದರಿಂದ, ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.’ ಯಾವ ದಾಖಲೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ.

ಮಾತಿಗೊಂದು ಬರಹಕ್ಕೊಂದು ಎಂದು ಒಂದೇ ಸಮಾಜ ಭಾಷೆಯ ಎರಡು ರೂಪ ಇಟ್ಟುಕೊಳ್ಳುವುದನ್ನು ಚಾರ್ಲ್ಸ್ ಫರ್ಗ್ಯೂಸನ್ 1959ರಲ್ಲಿ ಡೈಗ್ಲಾಸಿಯ ಎಂದು ಕರೆದ. ಕೇಳುವವನಿಗೆ ಬೇಕಾದಷ್ಟು ಹೇಳು, ನಿಜ ಹೇಳು, ಸಂಬಂಧಪಟ್ಟದ್ದು ಹೇಳು, ಸ್ಪಷ್ಟವಾಗಿ ಹೇಳು ಎಂಬ ನಾಲ್ಕು ಕಟ್ಟಳೆಗಳನ್ನು ಪಾಲ್ ಗ್ರೈಸ್ 1975ರ ಲೇಖನದಲ್ಲಿ ಪಟ್ಟಿಮಾಡಿದ. ಗುಮಾಸ್ತ ಕಿಟಕಿಯಲ್ಲಿ ನಾಲ್ಕನ್ನೂ ಪಾಲಿಸಿದ, ಗ್ರೈಸನ ಹೆಸರು ಕೇಳದೆಯೇ. ಬರಹದಲ್ಲಿ ಪಾಲಿಸದಿರುವುದು ಅಜ್ಞಾನದಿಂದಲ್ಲ. ‘ನಾನು ತಿರಸ್ಕರಿಸಿದೆ’ ಎಂದು ಬರೆದವನನ್ನು ನಾಳೆ ಆಡಿಟ್ಟಿನವರು ಹುಡುಕಿಕೊಂಡು ಬರುತ್ತಾರೆ. ಶೂನ್ಯಕರ್ತೃವನ್ನು ಯಾರೂ ವರ್ಗಾವಣೆ ಮಾಡಲಾರರು.

ಹೆದರಿಕೆ ಬೇರೆ ಥರದ್ದಾಗಿರುವ ಕಡೆ ವ್ಯಾಕರಣವೂ ಬೇರೆ. ವಿಮಾನ ದುರಸ್ತಿಯ ಕೈಪಿಡಿ ಓದುವ ಮೆಕ್ಯಾನಿಕ್ ತಪ್ಪು ತಿಳಿದರೆ ಬೀಳುವುದು ಕಡತವಲ್ಲ. ಅದಕ್ಕಾಗಿ ಯುರೋಪಿನ ವಿಮಾನೋದ್ಯಮದವರು ಕೂತು ಕಟ್ಟುಪಾಡಿನ ಇಂಗ್ಲಿಷೊಂದನ್ನು ರೂಪಿಸಿ 1986ರಲ್ಲಿ ಹೊರತಂದರು. ಸೂಚನಾವಾಕ್ಯದಲ್ಲಿ 20 ಪದ ಮೀರಬಾರದು, ಒಂದು ಪದಕ್ಕೆ ಒಂದೇ ಅರ್ಥ, ಕರ್ಮಣಿ ಕೂಡದು. ಈ ನಿಯಮದಡಿ ‘ವಿಲೇವಾರಿ’ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ.

ಕನ್ನಡಕ್ಕೆ ಇಂಥ ಬರಹ ಹೊಸದು ಎಂದು ತಿಳಿಯುವ ಅಗತ್ಯವಿಲ್ಲ. ಎರಡನೆಯ ಚಾವುಂಡರಾಯ 1025ರ ಹೊತ್ತಿಗೆ ಬರೆದ ಲೋಕೋಪಕಾರದಲ್ಲಿ ಅಡುಗೆ, ಬೇಸಾಯ, ಬಾವಿಗೆ ನೀರಿನ ಜಾಗ ಹುಡುಕುವ ಬಗೆ ಎಲ್ಲ ಇವೆ, ಅದೂ ಪದ್ಯದಲ್ಲಿ. 12ನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತ ಬರೆದ. ಮನೆಯ ಹುಳಿಪುಡಿಯ ವಿಧಾನ ಕೇಳಿದರೂ ಸಾಕು: ‘ಹುರಿದು, ಆರಿಸಿ, ಪುಡಿಮಾಡಿ, ಜರಡಿ ಹಿಡಿದು ಡಬ್ಬಕ್ಕೆ ತುಂಬು.’ ಆರುವ ಮೊದಲು ಪುಡಿಮಾಡಲು ಈ ವಾಕ್ಯ ಬಿಡುವುದಿಲ್ಲ; ಕೆಲಸದ ಕ್ರಮ ಕೃದಂತಗಳ ಸಾಲಿನಲ್ಲೇ ಬೀಗ ಹಾಕಿಕೊಂಡಿದೆ. ಮಿಕ್ಸಿಯ ಚೀಟಿಯವರು ಇದನ್ನು ಬಿಟ್ಟು ‘ಪದಾರ್ಥಗಳು ಪುಡಿಮಾಡಲ್ಪಡುವ ಮುನ್ನ ಅವು ತಣ್ಣಗಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು’ ಎಂದು ಬರೆಯಲು ಎಷ್ಟು ಕಷ್ಟಪಟ್ಟಿರಬೇಕು!

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ ಸದರಿ ಪ್ರಬಂಧವನ್ನು ಓದುಗರ ಅವಗಾಹನೆಗಾಗಿ ಸಲ್ಲಿಸಲಾಗಿದೆ. ಟವೆಲನ್ನು ಓದುಗ ರವರೇ ತರತಕ್ಕದ್ದು.

ಸಹಿ/-